ಉಪಚಾರಕ್ಕೆ ಮೀರಿದವರು

ನಮ್ಮೂರಿನ ಬಸದಿಯ ಟ್ರಸ್ಟಿನ ವತಿಯಿಂದ ಪ್ರತಿವರ್ಷವೂ ಮಹಾವೀರ ಜಯಂತಿಯ ನಿಮಿತ್ತ ನೇತ್ರ ಚಿಕಿತ್ಸಾ ಶಿಬಿರವೊಂದು ನಡೆಯುತ್ತದೆ. ನಾನು ಕೋಶಾಧ್ಯಕ್ಷನಾದ ಕಾರಣ ಅದರ ವರದಿಯೂ ಜಮಾ-ಖರ್ಚಿನ ಪತ್ರಕವೂ ನನ್ನ ಕೈಯಿಂದಲೇ ಹಾದುಹೋಗುತ್ತವೆ. ಆ ವರದಿಯಲ್ಲಿ ನಾಲ್ಕು ಸಾಲುಗಳಿರುತ್ತವೆ. ತಪಾಸಣೆಗೊಳಗಾದವರು, ಕನ್ನಡಕ ಪಡೆದವರು, ಪೊರೆಯ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರು, ಕೊನೆಯಲ್ಲಿ 'ಉಪಚಾರಕ್ಕೆ ಮೀರಿದವರು'. ಮೊದಲಿನ ಮೂರು ಸಂಖ್ಯೆಗಳನ್ನು ವಾರ್ಷಿಕ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇವೆ, ಚಪ್ಪಾಳೆಯಾಗುತ್ತದೆ. ನಾಲ್ಕನೆಯದನ್ನು ಓದುವ ವಾಡಿಕೆಯಿಲ್ಲ. ಎಷ್ಟೋ ವರ್ಷ ಆ ಸಾಲಿನ ಮುಂದೆ ಏಳು, ಒಂಬತ್ತು, ಹನ್ನೊಂದು ಎಂದು ಅಂಕಿ ಬರೆದು ನಾನೇ ರುಜು ಹಾಕಿದ್ದೇನೆ. ಆ ಹನ್ನೊಂದು ಮಂದಿ ಪೆಂಡಾಲಿನಿಂದ ಹೊರಬಿದ್ದು ಎಲ್ಲಿಗೆ ಹೋದರು, ಮರುದಿನ ಏನು ಮಾಡಿದರು ಎಂದು ಒಮ್ಮೆಯೂ ಕೇಳಿದವನಲ್ಲ. ನಾಲ್ಕು ವರ್ಷಗಳ ಹಿಂದೆ ನನ್ನ ಸ್ವಂತ ಅಣ್ಣನವರೇ ಆ ಸಾಲಿಗೆ ಸೇರಿದಾಗ ಕೇಳಬೇಕಾಯಿತು.

ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ ಇಷ್ಟೇ. ಔಷಧವು ಎಲ್ಲಿ ಮುಗಿಯುವುದೋ ಅಲ್ಲಿ ದಾನವೂ ಮುಗಿಯುವುದೇ? ಮುಗಿಯದು ಎನ್ನುವುದಾದರೆ, ಅಲ್ಲಿಂದ ಮುಂದಕ್ಕೆ ಕೊಡತಕ್ಕ ವಸ್ತು ಯಾವುದು, ಅದನ್ನು ಕೊಡಲು ಅರ್ಹರಾದವರು ಯಾರು?

ನೇತ್ರ ಶಿಬಿರಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ನಮ್ಮ ಉತ್ತರ ಕರ್ನಾಟಕದವರೇ ಆದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಸಾವಿರಾರು ಜನರ ಕಣ್ಣಿನ ಪೊರೆ ತೆಗೆದದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದರು. 1976ರಲ್ಲಿ ಭಾರತ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮಂಥ ಟ್ರಸ್ಟುಗಳು ಅದರೊಡನೆ ಕೈಜೋಡಿಸಿದವು. ಆದರೆ ಪೊರೆ ತೆಗೆದರೆ ಹೋಗುವಂಥದು. ಗ್ಲಾಕೋಮಾ ಹಾಗಲ್ಲ. ಅದು ಬಹುಮಟ್ಟಿಗೆ ನೋವಿಲ್ಲದೆ, ಸುಳಿವಿಲ್ಲದೆ, ದೃಷ್ಟಿಯ ಅಂಚುಗಳನ್ನು ಮೊದಲು ತಿಂದು ನಡುವಿಗೆ ಬರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದಿಂದ ಕಾಯ್ದುಕೊಳ್ಳಬಹುದಷ್ಟೆ. ಅಕ್ಷಿಪಟಲದ ವಂಶಪಾರಂಪರ್ಯ ಕ್ಷಯ, ವೃದ್ಧಾಪ್ಯದಲ್ಲಿ ನಡುದೃಷ್ಟಿ ಮಾಸುವ ವ್ಯಾಧಿ, ಮಿತಿಮೀರಿದ ಮಧುಮೇಹ ಇವುಗಳಿಂದಲೂ ಹೋದ ದೃಷ್ಟಿ ಎಷ್ಟೋ ಬಾರಿ ಹೋದದ್ದೇ. 2011ರ ಜನಗಣತಿಯಲ್ಲಿ ದೃಷ್ಟಿದೋಷವುಳ್ಳವರೆಂದು ದಾಖಲಾದವರು ದೇಶದಲ್ಲಿ ಸುಮಾರು 50 ಲಕ್ಷ. ಅವರಲ್ಲಿ ಅನೇಕರಿಗೆ ಶಿಬಿರದ ಬಾಗಿಲು ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವ ದಾರಿ ಮಾತ್ರ.

ಅಣ್ಣನವರು ನಮ್ಮ ಅರಿವೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕುಳಿತವರು. ಥಾನಿನ ಅಂಚನ್ನು ಬೆರಳಿನಲ್ಲಿ ಹೊಸಕಿದೊಡನೆ ಅದು ಯಾವ ಊರಿನ ಮಾಲು, ಒಗೆದರೆ ಎಷ್ಟು ಕುಗ್ಗೀತು ಎಂದು ಹೇಳುತ್ತಿದ್ದರು. ದೃಷ್ಟಿ ಹೋದ ಮೇಲೆ ಮನೆಯವರೆಲ್ಲ ಸೇರಿ ಅವರಿಗೆ ಮಾಡದ ಸೇವೆಯಿಲ್ಲ. ರೊಟ್ಟಿಯನ್ನು ಮುರಿದು ತಾಟಿನಲ್ಲಿ ಇಟ್ಟೆವು, ಅಂಗಿಯ ಗುಂಡಿ ಹಾಕಿದೆವು, ಬಚ್ಚಲಿನ ವರೆಗೆ ಕೈಹಿಡಿದು ನಡೆಸಿದೆವು. "ನೀವು ಕುಂಡರ್ರಿ, ನಾವು ತಂದು ಕೊಡತೀವಿ" ಎಂಬುದು ಮನೆಯ ಮಂತ್ರವಾಯಿತು. ಅಂಗಡಿಯ ಕೀಲಿಕೈಗಳನ್ನು ಅವರ ಸೊಂಟದಿಂದ ಯಾರು, ಎಂದು ಬಿಡಿಸಿಕೊಂಡರೆಂಬುದು ನನಗೆ ಈಗ ನೆನಪಾಗುತ್ತಿಲ್ಲ. ಅಷ್ಟು ಸಹಜವಾಗಿ ಅದು ನಡೆಯಿತು. ನಾನು ನಿತ್ಯವೂ ಸಾಯಂಕಾಲ ಅವರ ಬಳಿ ಕುಳಿತು ಸ್ವಾಧ್ಯಾಯದ ಗ್ರಂಥಗಳನ್ನು ಓದಿ ಹೇಳುತ್ತಿದ್ದೆ. ಶಾಸ್ತ್ರದಾನದ ಪುಣ್ಯ ಮನೆಯಲ್ಲಿಯೇ ಲಭಿಸಿತೆಂದು ಒಳಗೊಳಗೇ ಸಂತೋಷವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಐದಾರು ತಿಂಗಳಾದ ಮೇಲೆ ಒಂದು ಸಂಜೆ ಅವರು ಕೈಯೆತ್ತಿ ನನ್ನನ್ನು ತಡೆದರು. "ಸಾಕು ತಮ್ಮಾ. ನೀ ಓದಿದಾಗ ನನಗ ಶಾಸ್ತ್ರ ಕೇಳಸೂದಿಲ್ಲ, ನಿನ್ನ ಮರುಕ ಕೇಳಸ್ತದ."

ಆ ದಿನಗಳಲ್ಲಿ ನೋಡಲು ಬಂದವರ ಮಾತುಗಳು ಇನ್ನೊಂದು ಬಗೆ. ಪ್ರವಚನಗಳನ್ನು ಅರ್ಧಂಬರ್ಧ ಕೇಳಿದವರು ಚಕ್ಷುದರ್ಶನಾವರಣೀಯ ಕರ್ಮದ ಉದಯವೆಂದರು. ಕೇಳದವರು ಹಿಂದಿನ ಜನ್ಮದ್ದು ಎಂದರು. ಅಣ್ಣನವರು ಇದನ್ನು ಅಲ್ಲಗಳೆಯಲಿಲ್ಲ, ತಲೆಯಾಡಿಸಿದರು, ಇನ್ನಷ್ಟು ಮೌನವಾದರು. ಕರ್ಮಸಿದ್ಧಾಂತವನ್ನು ನಾನು ನಂಬುವವನು. ಆದರೆ ಅದು ಪ್ರತಿಯೊಬ್ಬನಿಗೂ ತನ್ನ ಖಾತೆಯನ್ನು ತಾನು ತೆರೆದು ನೋಡಿಕೊಳ್ಳಲೆಂದು ಕೊಟ್ಟ ಪುಸ್ತಕ. ಪರರ ಖಾತೆಯನ್ನು ಅವರ ಜಗಲಿಯ ಮೇಲೆ ಕುಳಿತು, ಅವರ ಮನೆಯ ಚಹಾ ಕುಡಿಯುತ್ತ ಗಟ್ಟಿಯಾಗಿ ಓದಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ವ್ಯಾಪಾರದಲ್ಲಿಯೂ ಇದು ಅಪರಾಧವೇ. ಮೇಲಾಗಿ, ದುಃಖಿತನ ಮುಂದೆ ಕರ್ಮದ ಮಾತೆತ್ತುವವನು ಬಹುಸಲ ತನ್ನ ಹೊಣೆಯನ್ನು ಕಳಚಿಕೊಳ್ಳುವುದಕ್ಕೇ ಎತ್ತುತ್ತಾನೆ.

ಅಂಗಡಿಯ ಹಳೆಯ ಗಿರಾಕಿಯೊಬ್ಬರು ತಮ್ಮ ಪರಿಚಯದ ನಿವೃತ್ತ ಗಣಿತದ ಮಾಸ್ತರರೊಬ್ಬರನ್ನು ಒಂದು ದಿನ ಮನೆಗೆ ಕರೆತಂದರು. ಅವರು ಇದೇ ಗ್ಲಾಕೋಮಾದಿಂದ ಒಂಬತ್ತು ವರ್ಷಗಳ ಹಿಂದೆ ದೃಷ್ಟಿ ಕಳೆದುಕೊಂಡವರು. ಬಿಳಿಯ ಕೋಲು ಹಿಡಿದು ಬಸ್ಸಿನಲ್ಲಿ ಬಂದಿದ್ದರು. ಸಮಾಧಾನದ ಮಾತಾಡಿಯಾರೆಂದು ನಾವೆಲ್ಲ ಸುತ್ತ ಕುಳಿತೆವು. ಅವರು ಚಹಾದ ಕಿಟಲಿಯನ್ನೂ ಎರಡು ಕಪ್ಪುಗಳನ್ನೂ ಕೇಳಿ ಇಸಿದುಕೊಂಡು, ಕಪ್ಪಿನ ಬಾಯಿಯ ಅಂಚಿಗೆ ಬೆರಳ ತುದಿಯನ್ನು ಒಳಗಡೆಗೆ ಕೊಕ್ಕೆಯಂತೆ ಇಟ್ಟು, ಬಿಸಿ ತಾಗಿದೊಡನೆ ಸುರಿಯುವುದನ್ನು ನಿಲ್ಲಿಸಿದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಎರಡನೆಯ ಕಪ್ಪನ್ನು ಅಣ್ಣನವರ ಕೈಯಿಂದ ತುಂಬಿಸಿದರು. ಆಮೇಲೆ ಏನೋ ನೆನಪಾದವರಂತೆ ಹೇಳಿದರು: "ಔಷಧ ಎಲ್ಲಾ ಸರಿಯಾಗಿ ಹಾಕ್ಕೊಂಡಿದ್ರೇನು? ನಾ ಅಂತೂ ಹಾಕ್ಕೊಳ್ಳಲಿಲ್ಲರಿ. ನೋವಿಲ್ಲ, ಕೆಂಪಿಲ್ಲ, ಸುಮ್ಮನ ಯಾಕ ರೊಕ್ಕ ಅಂತ ಎರಡು ವರ್ಷ ಬಿಟ್ಟಬಿಟ್ಟೆ. ಡಾಕ್ಟರ್ ಕೇಳಿದ್ರ ಹಾಕ್ಕೊಳ್ಳಾಕತ್ತೀನಿ ಅಂತ ಸುಳ್ಳ ಹೇಳಿದೆ."

ಅಣ್ಣನವರು ಬಹಳ ಹೊತ್ತು ಸುಮ್ಮನಿದ್ದು, ಅನಂತರ, ಒಂದೇ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಎಂದೂ ಕೇಳದ ಸಂಗತಿಯನ್ನು ಆ ಅಪರಿಚಿತರ ಮುಂದೆ ಹೇಳಿದರು. ವೈದ್ಯರು ಬರೆದುಕೊಟ್ಟ ಹನಿಗಳಲ್ಲಿ ಒಂದನ್ನು ರಾತ್ರಿಯೂ ಹಾಕಬೇಕಿತ್ತು. ಹಾಕಿದ ಸ್ವಲ್ಪ ಹೊತ್ತಿಗೆ ಅದರ ಕಹಿ ಗಂಟಲಿಗೆ ಇಳಿಯುತ್ತಿತ್ತು. ಸೂರ್ಯಾಸ್ತವಾದ ಮೇಲೆ ನೀರನ್ನೂ ಮುಟ್ಟದ ನಿಯಮ ಅವರದು. ಗಂಟಲಿಗಿಳಿದದ್ದು ಸೇವಿಸಿದಂತೆಯೇ ಅಲ್ಲವೇ ಎಂಬ ಶಂಕೆ ಹುಟ್ಟಿತು. ವೈದ್ಯರನ್ನು ಕೇಳಿದರೆ ನಕ್ಕಾರು, ತ್ಯಾಗಿಗಳನ್ನು ಕೇಳಿದರೆ ರೋಗದ ವಿಷಯ ಊರಿಗೆಲ್ಲ ತಿಳಿದೀತು, ಮನೆಯವರಿಗೆ ಹೇಳಿದರೆ ಬಲವಂತ ಮಾಡಿಯಾರು. ಹೀಗೆಂದು ಅವರು ಮೂರು ವರ್ಷ ರಾತ್ರಿಯ ಹನಿಯನ್ನು ಸದ್ದಿಲ್ಲದೆ ಬಿಟ್ಟಿದ್ದರು. ಮಾಸ್ತರರು, "ಮೂಗಿನ ಕಡೀ ಕಣ್ಣಿನ ಮೂಲಿ ಐತೆಲ್ಲರಿ, ಅಲ್ಲೆ ಬೆರಳ ಒತ್ತಿ ಹಿಡದಿದ್ರ..." ಎಂದು ಶುರುಮಾಡಿ, ಮಧ್ಯದಲ್ಲಿಯೇ ನಿಲ್ಲಿಸಿಬಿಟ್ಟರು. ಆ ಕೋಣೆಯಲ್ಲಿದ್ದ ಯಾರಿಗೂ ಆ ವಾಕ್ಯದ ಉಳಿದರ್ಧ ಬೇಕಾಗಿರಲಿಲ್ಲ.

ಓದುವವರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಪೂರ್ಣಗೊಳಿಸುತ್ತೇನೆ. ಕಣ್ಣಿನ ಒಳಮೂಲೆಯಿಂದ ಮೂಗಿಗೂ ಅಲ್ಲಿಂದ ಗಂಟಲಿಗೂ ಒಂದು ಸಣ್ಣ ನಾಳವಿದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಆ ಮೂಲೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಒಂದೆರಡು ನಿಮಿಷ ಹಿಡಿದರೆ ಔಷಧವು ಗಂಟಲಿಗಿಳಿಯುವುದು ಬಹಳ ಮಟ್ಟಿಗೆ ತಪ್ಪುತ್ತದೆ, ಕಣ್ಣಿನಲ್ಲಿಯೇ ಹೆಚ್ಚು ನಿಲ್ಲುತ್ತದೆ. ಹನಿಯ ಹೊತ್ತನ್ನು ಹಿಂದುಮುಂದು ಮಾಡಬಹುದೇ ಎಂಬುದನ್ನು ವೈದ್ಯರನ್ನೇ ಕೇಳಬೇಕು. ಅಣ್ಣನವರ ವಿಷಯದಲ್ಲಿ ಕೇಳಿದಾಗ, ಅವರು ನಗದೆ, ಸೂರ್ಯಾಸ್ತಕ್ಕೆ ಮೊದಲೇ ಹಾಕುವಂತೆ ಹೊತ್ತನ್ನು ಹೊಂದಿಸಿಕೊಟ್ಟರು. ಒಂದು ಕಣ್ಣಿನಲ್ಲಿ ಉಳಿದಿರುವ ಅಂಗೈಯಗಲದ ಬೆಳಕು ಈಗ ಆ ಹನಿಗಳ ಕಾವಲಿನಲ್ಲಿದೆ. ವ್ರತದ ಸೂಕ್ಷ್ಮವನ್ನು ಇಲ್ಲಿ ತೀರ್ಮಾನಿಸಲು ನಾನು ಹೊರಟಿಲ್ಲ. ಅದಕ್ಕೆ ನನಗಿಂತ ಬಲ್ಲವರಿದ್ದಾರೆ. ವ್ರತಕ್ಕೂ ಕಣ್ಣಿಗೂ ವಿರೋಧವೇ ಇರದಿದ್ದ ಕಡೆ, ಕೇಳಲು ತಕ್ಕ ಒಬ್ಬ ಮನುಷ್ಯನಿಲ್ಲದೆ ಕಣ್ಣು ಹೋಯಿತಲ್ಲ ಎಂಬುದೊಂದೇ ನನ್ನ ಎದೆಯಲ್ಲಿ ಉಳಿದಿರುವುದು.

ನಾವು ಮೂರು ವರ್ಷ ಮಾಡಲಾಗದ್ದನ್ನು ಮಾಸ್ತರರು ಅರ್ಧ ಗಂಟೆಯಲ್ಲಿ ಹೇಗೆ ಮಾಡಿದರು? ಅವರಿಗೆ ನಮಗಿಂತ ಹೆಚ್ಚಿನ ಪ್ರೀತಿಯಿರಲಿಲ್ಲ. ವೈದ್ಯರಿಗಿಂತ ಹೆಚ್ಚಿನ ಜ್ಞಾನವೂ ಇರಲಿಲ್ಲ. ಅವರು ತಮ್ಮ ತಪ್ಪನ್ನು ಮೊದಲು ಇಟ್ಟರು. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಯಾವ ವ್ಯಾಪಾರಿಯೂ ತನ್ನ ತಪ್ಪು ಲೆಕ್ಕವನ್ನು ತಾನಾಗಿ ತೆರೆಯುವುದಿಲ್ಲ. ಇನ್ನೊಬ್ಬ ವ್ಯಾಪಾರಿ ತನ್ನದನ್ನು ತೆರೆದಾಗ ತಾನೂ ತೆರೆಯುತ್ತಾನೆ. ನಾವು ಕಣ್ಣುಳ್ಳವರು ಎಷ್ಟೇ ಮೃದುವಾಗಿ ಕೇಳಿದರೂ ನಮ್ಮ ಪ್ರಶ್ನೆಯಲ್ಲಿ ತಪಾಸಣೆಯ ಧ್ವನಿ ಇದ್ದೇ ಇರುತ್ತದೆ. ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ಹೆಚ್ಚುತ್ತದೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಪಾತ್ರನ ಯೋಗ್ಯತೆಯನ್ನು ಕುರಿತು ನಾವು ಬೇಕಾದಷ್ಟು ಚರ್ಚಿಸುತ್ತೇವೆ. ದಾತೃವಿನ ಯೋಗ್ಯತೆಯೆಂದರೆ ಹಣವೂ ಭಕ್ತಿಯೂ ಇದ್ದರಾಯಿತೆಂದು ಭಾವಿಸಿದ್ದೇವೆ. ಕೆಲವು ವಸ್ತುಗಳನ್ನು ಕೊಡಲು ಅವನ್ನು ಮೊದಲು ಕಳೆದುಕೊಂಡಿರಬೇಕಾಗುತ್ತದೆಂಬುದು ನಮ್ಮ ಗಮನಕ್ಕೆ ಬಂದಿಲ್ಲ.

ಅಂಧರ ವಿದ್ಯೆಯ ಇತಿಹಾಸವನ್ನು ತಿರುವಿ ನೋಡಿದಾಗ ಇದೇ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ಯಾರಿಸಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ವ್ಯಾಲೆಂಟೈನ್ ಹಾವಿ ಎಂಬ ಸಜ್ಜನನು ಅಂಧ ಮಕ್ಕಳಿಗಾಗಿ ಶಾಲೆ ತೆರೆದನು. ಅವನು ಕಣ್ಣುಳ್ಳವನು, ನಿಜವಾದ ದಯಾವಂತ. ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿ ಮಕ್ಕಳ ಕೈಗೆ ಕೊಟ್ಟನು. ಆ ಅಕ್ಷರಗಳ ಆಕಾರ ಹುಟ್ಟಿದ್ದೇ ಕಣ್ಣಿಗಾಗಿ. ಬೆರಳು ಅವುಗಳ ಮೇಲೆ ತಡವರಿಸುತ್ತಿತ್ತು. ಅನಂತರ ಚಾರ್ಲ್ಸ್ ಬಾರ್ಬಿಯೇ ಎಂಬ ಮಾಜಿ ಸೇನಾಧಿಕಾರಿ ಹನ್ನೆರಡು ಚುಕ್ಕಿಗಳ ಸಂಕೇತಲಿಪಿಯನ್ನು ತಂದನು. ಚುಕ್ಕಿಯ ಯೋಚನೆ ಒಳ್ಳೆಯದೇ, ಆದರೆ ಹನ್ನೆರಡು ಚುಕ್ಕಿಗಳು ಒಂದು ಬೆರಳ ತುದಿಯಲ್ಲಿ ಹಿಡಿಸುತ್ತಿರಲಿಲ್ಲ. ಇದನ್ನು ಕಂಡುಕೊಂಡವನು ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಜೀನು ಮಾಡುವವನ ಮಗ. ಮೂರನೆಯ ವಯಸ್ಸಿನಲ್ಲಿ ತಂದೆಯ ಅಂಗಡಿಯ ಉಳಿ ಕಣ್ಣಿಗೆ ಚುಚ್ಚಿ ಅಂಧನಾದವನು. ಹದಿನೈದರ ಪ್ರಾಯದಲ್ಲಿ, 1824ರ ಹೊತ್ತಿಗೆ, ಹನ್ನೆರಡನ್ನು ಆರಕ್ಕೆ ಇಳಿಸಿದನು. 1829ರಲ್ಲಿ ಅದು ಪ್ರಕಟವಾಯಿತು. ಮಕ್ಕಳು ಅದನ್ನು ತಮ್ಮ ತಮ್ಮಲ್ಲಿ ಕಲಿತು ಬಳಸಿದರು. ಫ್ರಾನ್ಸಿನಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆತದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಹಾವಿಯ ದಯೆಯಿಲ್ಲದೆ ಆ ಶಾಲೆಯೇ ಇರುತ್ತಿರಲಿಲ್ಲ. ಆದರೆ ಶಾಲೆ ಕಟ್ಟಿದವನಿಗೆ ಬೆರಳಿನ ಮಾತು ತಿಳಿಯಲಿಲ್ಲ.

ಇಂಗ್ಲೆಂಡಿನ ಕಥೆ ವ್ಯಾಪಾರಿಯಾದ ನನಗೆ ಇನ್ನೂ ಪ್ರಿಯವಾದದ್ದು. ಅಲ್ಲಿ ಉಬ್ಬಕ್ಷರಗಳ ಹಲವು ಪದ್ಧತಿಗಳು ಒಂದಕ್ಕೊಂದು ಪೈಪೋಟಿ ನಡೆಸಿದ್ದವು. ಒಂದೊಂದರ ಹಿಂದೆಯೂ ಒಂದೊಂದು ಸಂಘ, ಒಬ್ಬೊಬ್ಬ ದಾನಿ. ಥಾಮಸ್ ಆರ್ಮಿಟೇಜ್ ಎಂಬ ವೈದ್ಯನು ದೃಷ್ಟಿ ಕುಂದಿ ವೃತ್ತಿಯನ್ನು ಬಿಟ್ಟಿದ್ದನು. 1868ರಲ್ಲಿ ಅವನು ಕೆಲವರು ಅಂಧರನ್ನು ಸೇರಿಸಿ ಒಂದು ಮಂಡಳಿಯನ್ನು ಕಟ್ಟಿದನು. ಯಾವ ಲಿಪಿ ಮೇಲೆಂಬುದನ್ನು ಅಂಧರೇ ತೀರ್ಮಾನಿಸಬೇಕು, ತೀರ್ಮಾನಿಸುವವರಿಗೆ ಕಡಿಮೆಯೆಂದರೆ ಮೂರು ಪದ್ಧತಿಗಳಾದರೂ ಬಂದಿರಬೇಕು, ಯಾವ ಪದ್ಧತಿಯಲ್ಲಿಯೂ ಅವರಿಗೆ ಹಣದ ಹಿತಾಸಕ್ತಿ ಇರಬಾರದು. ಇವು ಅವರು ಇಟ್ಟುಕೊಂಡ ನಿಯಮಗಳು. ಅವರು ಆರಿಸಿದ್ದು ಬ್ರೈಲ್ ಲಿಪಿಯನ್ನು. ನಮ್ಮ ಟ್ರಸ್ಟುಗಳ ಘಟನೆಗಳಲ್ಲಿ ಇಷ್ಟು ಚೊಕ್ಕವಾದ ನಿಯಮವನ್ನು ನಾನು ಕಂಡಿಲ್ಲ. ಆ ಮಂಡಳಿಯೇ ಬೆಳೆದು ಬ್ರಿಟನ್ನಿನ ಅಂಧರ ರಾಷ್ಟ್ರೀಯ ಸಂಸ್ಥೆಯಾಯಿತು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನಲ್ಲಿ ಆಶ್ರಯ ತೆರೆದವರು ಆರ್ಥರ್ ಪಿಯರ್ಸನ್. ಪತ್ರಿಕೋದ್ಯಮಿ, ಗ್ಲಾಕೋಮಾದಿಂದ ತಾವೇ ಅಂಧರಾದವರು. ಅದೇ ಮಾದರಿಯಲ್ಲಿ 1943ರಲ್ಲಿ ದೆಹರಾದೂನಿನಲ್ಲಿ ಭಾರತೀಯ ಸೈನಿಕರಿಗಾಗಿ ತೆರೆದ ವಸತಿಗೃಹವೇ ಇಂದಿನ ನಮ್ಮ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯ ಮೂಲ.

ಅಷ್ಟು ದೂರ ಹೋಗುವ ಅವಶ್ಯಕತೆಯೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲದ ಕನ್ನಡಿಗನಿಲ್ಲ. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944), ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಶಿಷ್ಯರನ್ನಾಗಿ ಮಾಡಿಕೊಂಡು ಸಂಗೀತವನ್ನು ಧಾರೆಯೆರೆದರು. ಆ ಪುಟ್ಟರಾಜ ಗವಾಯಿಗಳು (1914–2010) ನೂರಾರು ಅಂಧ ಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಪಂಚಾಕ್ಷರಿ ಗವಾಯಿಗಳ ಬಳಿ ಕಣ್ಣುಳ್ಳ ಬಸವರಾಜ ರಾಜಗುರುಗಳೂ ಕಲಿತರು. ಗದಗಿನಲ್ಲಿ ಅಂಧ ಹುಡುಗನಿಗೆ ನಾನೇನು ಆಗಬಲ್ಲೆ ಎಂಬ ಪ್ರಶ್ನೆಗೆ ಉತ್ತರವನ್ನು ಯಾರೂ ಮಾತಿನಲ್ಲಿ ಹೇಳಬೇಕಾಗಿರಲಿಲ್ಲ. ಎದುರಿಗೆ ಗುರುಗಳು ಹಾರ್ಮೋನಿಯಂ ಹಿಡಿದು ಕುಳಿತಿರುತ್ತಿದ್ದರು. ಬೆಂಗಳೂರಿನ ಮಿತ್ರಜ್ಯೋತಿ (1990) ಮತ್ತು ಸಮರ್ಥನಂ (1997) ಸಂಸ್ಥೆಗಳನ್ನು ಕಟ್ಟಿದವರೂ ದೃಷ್ಟಿಯಿಲ್ಲದವರೇ.

'ಕುರುಡ ಕುರುಡನ ಕೈ ಹಿಡಿದಂತೆ' ಎಂಬ ಗಾದೆಯನ್ನು ನಮ್ಮ ಟ್ರಸ್ಟಿನ ಸಭೆಯಲ್ಲಿಯೇ ಒಬ್ಬರು ಎತ್ತಿದರು. ಗಾದೆಯ ಮಾತು ಬಂದದ್ದರಿಂದ ನಮ್ಮದೇ ಒಂದು ಕಥೆಯನ್ನೂ ಪರೀಕ್ಷಿಸಬೇಕಾಯಿತು. ಅನೇಕಾಂತವನ್ನು ಮಕ್ಕಳಿಗೆ ವಿವರಿಸುವಾಗಲೆಲ್ಲ ನಾವು ಆನೆಯನ್ನು ಮುಟ್ಟಿದ ಅಂಧರ ಕಥೆ ಹೇಳುತ್ತೇವೆ. ಕಾಲು ಹಿಡಿದವನು ಕಂಬವೆಂದ, ಕಿವಿ ಹಿಡಿದವನು ಮೊರವೆಂದ, ಜಗಳವಾಯಿತು, ಕಣ್ಣುಳ್ಳವನು ಬಂದು ತೀರ್ಪು ಕೊಟ್ಟ. ನಾನೂ ಪಾಠಶಾಲೆಯಲ್ಲಿ ಇದನ್ನು ಇಪ್ಪತ್ತು ಸಲ ಹೇಳಿರಬೇಕು. ಅಣ್ಣನವರು ಅಂಧರಾದ ಮೇಲೆ ಹೇಳಲು ಹೋದಾಗ ನಾಲಿಗೆ ತಡೆಯಿತು. ಆ ಮನುಷ್ಯರ ದೋಷ ಕಣ್ಣಿಲ್ಲದ್ದಲ್ಲ. ಕಂಬವೆಂದವನು ಮೊರವೆಂದವನಿಗೆ 'ನಿನ್ನ ಜಾಗಕ್ಕೆ ನಾನು ಬರುತ್ತೇನೆ, ನನ್ನ ಜಾಗಕ್ಕೆ ನೀನು ಬಾ' ಎಂದಿದ್ದರೆ ಹತ್ತು ನಿಮಿಷದಲ್ಲಿ ಅವರಿಗೆ ಇಡೀ ಆನೆ ಸಿಕ್ಕುತ್ತಿತ್ತು, ಕಣ್ಣುಳ್ಳವನ ತೀರ್ಪು ಬೇಕಾಗುತ್ತಿರಲಿಲ್ಲ. ದೂರದಿಂದ ಆನೆಯನ್ನು ನೋಡಿದವನಿಗೆ ಅದರ ಚರ್ಮ ಒರಟೋ ನುಣುಪೋ ಎಂಬುದು ತಿಳಿಯುತ್ತಿರಲೂ ಇಲ್ಲ.

ಮಾಸ್ತರರ ಸೂಚನೆಯಂತೆ ತಿಂಗಳಿಗೆ ಎರಡು ಭಾನುವಾರ ಬಸದಿಯ ಹಿಂದಿನ ಕೋಣೆಯಲ್ಲಿ ಇಂಥವರು ಸೇರತೊಡಗಿದರು. ಮೊದಲ ದಿನ ಆರು ಜನ. ನಮ್ಮ ಸಮಾಜದವರು ಇಬ್ಬರೇ. ಕಣ್ಣುಳ್ಳವರು ಬಾಗಿಲ ವರೆಗೆ ತಂದುಬಿಟ್ಟು ಹೋಗಬೇಕೆಂಬುದು ಅವರ ಒಂದೇ ಕಟ್ಟಳೆ. ಒಳಗೆ ನಡೆದದ್ದರಲ್ಲಿ, ಹೇಳಲು ಅವರೇ ಅನುಮತಿಸಿದ ಎರಡು ಸಂಗತಿಗಳನ್ನಷ್ಟೇ ಬರೆಯುತ್ತೇನೆ.

ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ನಡುದೃಷ್ಟಿ ಹೋಗಿತ್ತು. ಅವರಿಗೆ ಸಂಜೆಯ ಹೊತ್ತು ಗೋಡೆಯ ಮೇಲೆ ಬಣ್ಣಬಣ್ಣದ ಜಾಲರಿಗಳೂ, ರುಮಾಲು ಸುತ್ತಿದ ಪುಟ್ಟಪುಟ್ಟ 'ಮನುಷ್ಯರ' ಸಾಲುಗಳೂ ಕಾಣುತ್ತಿದ್ದವು. ಮಾತಿಲ್ಲ, ಸದ್ದಿಲ್ಲ, ಬಂದು ಹೋಗುತ್ತಿದ್ದವು. ವ್ಯಂತರ ಬಾಧೆಯೆಂದು ಸೊಸೆ ಭಾವಿಸಿಯಾಳು, ಹುಚ್ಚೆಂದು ಮಗ ಭಾವಿಸಿಯಾನು ಎಂದು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬರು ತಮಗೆ ಕಾಣುತ್ತಿದ್ದ ಹೂಬಳ್ಳಿಗಳ ವಿಷಯವನ್ನು ನಗುತ್ತ ಹೇಳಿದಾಗ ಆ ತಾಯಿ ಅತ್ತುಬಿಟ್ಟರಂತೆ. ಇದು ವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. 1760ರಲ್ಲಿ ಚಾರ್ಲ್ಸ್ ಬಾನೆಟ್ ಎಂಬ ಸ್ವಿಸ್ ವಿದ್ವಾಂಸನು ದೃಷ್ಟಿ ಮಂದವಾಗಿದ್ದ ತನ್ನ ಅಜ್ಜನ ಅನುಭವವನ್ನು ಬರೆದಿಟ್ಟನು. ಈ ಲಕ್ಷಣಕ್ಕೆ ಅವನದೇ ಹೆಸರು. ಕಣ್ಣಿನಿಂದ ಬರತಕ್ಕದ್ದು ಬಾರದಾದಾಗ ಮಿದುಳು ತಾನೇ ಚಿತ್ರಗಳನ್ನು ಹೂಡುತ್ತದೆ. ಬುದ್ಧಿ ಸ್ವಸ್ಥವಾಗಿಯೇ ಇರುತ್ತದೆ. ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರಿಗೆ ತಿಳಿಸಬೇಕು, ಆ ತಾಯಿಯೂ ತಿಳಿಸಿದರು. ಆದರೆ ತಿಳಿಸುವ ಧೈರ್ಯ ಬಂದದ್ದು ಹೂಬಳ್ಳಿ ಕಂಡವರಿಂದ. ಅಭಯದಾನವೆಂದರೆ ಪ್ರಾಣಿಗಳನ್ನು ಕಸಾಯಿಖಾನೆಯಿಂದ ಬಿಡಿಸುವುದು ಎಂದಷ್ಟೇ ತಿಳಿದಿದ್ದ ನನಗೆ ಅದರ ಇನ್ನೊಂದು ಅರ್ಥ ಅಂದು ಹೊಳೆಯಿತು.

ಎರಡನೆಯದು ನೋಟುಗಳ ವಿಷಯ. ಹಿಂದಿನ ನೋಟುಗಳಲ್ಲಿ 100ಕ್ಕೂ 500ಕ್ಕೂ ಉದ್ದದಲ್ಲಿ ಹತ್ತು ಮಿಲಿಮೀಟರ್ ವ್ಯತ್ಯಾಸವಿತ್ತು, ಬೆರಳಿಗೆ ತಿಳಿಯುತ್ತಿತ್ತು. 2016ರಿಂದ ಈಚಿನ ಶ್ರೇಣಿಯಲ್ಲಿ 100ರ ನೋಟು 142 ಮಿಲಿಮೀಟರ್, 200ರದು 146, 500ರದು 150. ಅಗಲ ಮೂರಕ್ಕೂ ಒಂದೇ. ಅಂಚಿನಲ್ಲಿ ಉಬ್ಬುಗೆರೆಗಳಿವೆ, ಆದರೆ ಸವೆದ ನೋಟಿನಲ್ಲಿ ಅವು ಕೈಗೆ ಸಿಕ್ಕುವುದಿಲ್ಲ. ಮಾಸ್ತರರು ಒಂದೊಂದು ಬೆಲೆಯ ನೋಟನ್ನು ಒಂದೊಂದು ರೀತಿ ಮಡಿಸಿಡುವುದನ್ನು ಕಲಿಸಿದ್ದರು. ಆದರೆ ಮಡಿಸಲು ಮೊದಲು ಯಾರಾದರೂ ಅದು ಯಾವುದೆಂದು ಹೇಳಬೇಕಲ್ಲ! ನಲವತ್ತು ವರ್ಷ ಥಾನು ಅಳೆದ ಅಣ್ಣನವರ ಬೆರಳಿಗೆ ನಾಲ್ಕು ಮಿಲಿಮೀಟರ್ ಸಣ್ಣದಲ್ಲ. ಒಂದು ರಟ್ಟಿನ ತುಂಡಿಗೆ ಮೂರು ಅಳತೆಯಲ್ಲಿ ಕಚ್ಚು ಹಾಕಿಕೊಂಡು, ನೋಟನ್ನು ಅದರ ಮೇಲೆಳೆದು ಹೇಳತೊಡಗಿದರು. ಅಂಥ ಹನ್ನೆರಡು ರಟ್ಟುಗಳನ್ನು ಅಂಗಡಿಯ ಕತ್ತರಿಯಲ್ಲಿ ಕತ್ತರಿಸಿ ಕೋಣೆಯವರಿಗೆಲ್ಲ ಹಂಚಿದರು. ಅಂದು ಸಂಜೆ ಮನೆಗೆ ಬಂದು ಕೀಲಿಕೈ ಎಲ್ಲಿದೆಯೆಂದು ಕೇಳಿದರು. ಒಂದೂವರೆ ವರ್ಷದ ಮೇಲೆ.

ಈ ವ್ಯವಸ್ಥೆಯಲ್ಲಿ ಅಪಾಯಗಳೇ ಇಲ್ಲವೆಂದು ತಿಳಿಯಬಾರದು. ಕಣ್ಣು ಹೋದವರೆಲ್ಲ ಕಣ್ಣು ಹೋದವರಿಗೆ ನೆರವಾಗಬಲ್ಲರೆಂಬುದು ಸುಳ್ಳು. ತನ್ನ ದುಃಖವಿನ್ನೂ ಹಸಿಯಾಗಿರುವವನು ಇನ್ನೊಬ್ಬನ ದುಃಖವನ್ನು ತನ್ನದರಲ್ಲಿ ಮುಳುಗಿಸಿಬಿಡುತ್ತಾನೆ. ತನ್ನ ಸಾಹಸವನ್ನೇ ಕೊಚ್ಚಿಕೊಳ್ಳುವವನು ಹೊಸಬನನ್ನು ಇನ್ನಷ್ಟು ಕುಗ್ಗಿಸುತ್ತಾನೆ. ಎಲ್ಲರಿಗಿಂತ ಕೆಟ್ಟವನು, ನನಗೆ ಇಂಥ ಸೊಪ್ಪಿನ ರಸದಿಂದ ಗುಣವಾಯಿತು, ನೀವೂ ಹನಿ ಬಿಟ್ಟುಬಿಡಿ ಎನ್ನುವವನು. ಆದುದರಿಂದ ಔಷಧದ ವಿಷಯದಲ್ಲಿ ಸಲಹೆ ಕೊಡಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು, ತಮ್ಮಿಂದಾಗದ ಸಂಕಟ ಕಂಡರೆ ವೈದ್ಯರ ಬಳಿಗೆ ಕಳುಹಿಸಬೇಕು ಎಂದು ಅವರೇ ಕಟ್ಟುಮಾಡಿಕೊಂಡಿದ್ದಾರೆ. ಅನುಭವವೂ ಒಂದೇ ಅಲ್ಲ. ಅಲ್ಲಿಗೆ ಬರುವ ಹುಟ್ಟು ಅಂಧ ಯುವಕನೊಬ್ಬ ಮೊದಲ ದಿನವೇ ಹೇಳಿದನಂತೆ: "ನೀವು ಏನು ಕಳಕೊಂಡಿದ್ದೀರಿ ನನಗ ಗೊತ್ತಿಲ್ಲರಿ. ಏನು ಕಲೀಬೇಕು ಅನ್ನೂದು ಮಾತ್ರ ಗೊತ್ತೈತಿ." ಮೊಬೈಲ್ ಫೋನು ತನ್ನ ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡುವುದನ್ನು ಹಿರಿಯರಿಗೆಲ್ಲ ಕಲಿಸಿದವನು ಅವನೇ. ಅಣ್ಣನವರು ಈಗ ಶಾಸ್ತ್ರಪ್ರವಚನಗಳನ್ನು ಫೋನಿನಲ್ಲಿ ತಾವೇ ಹುಡುಕಿ ಕೇಳುತ್ತಾರೆ. ನನ್ನ ಓದು ತಪ್ಪಿಹೋಯಿತು. ಸ್ವಲ್ಪ ಬೇಸರವೂ ಆಯಿತು.

ಟ್ರಸ್ಟಿನ ಸಭೆಯಲ್ಲಿ ಈ ವಿಷಯ ಬಂದಾಗ ಮೊದಲ ಆಕ್ಷೇಪವೆತ್ತಿದವನು ನಾನೇ. ಆಟೋ ಬಾಡಿಗೆಯನ್ನು ಯಾವ ಖಾತೆಗೆ ಹಾಕುವುದು? ಆಹಾರದಾನವಲ್ಲ, ಔಷಧದಾನವಲ್ಲ, ಶಾಸ್ತ್ರದಾನವಲ್ಲ. ಅಭಯದಾನವೆನ್ನೋಣವೆಂದರೆ ಕೊಡುವವರು ನಾವಲ್ಲ, ಅವರೇ. ನಾವು ಚಪ್ಪರ ಹಾಕಿದವರು ಮಾತ್ರ. ಇನ್ನೊಬ್ಬ ಟ್ರಸ್ಟಿಗಳು, ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವಂಥದೇನೂ ಇದರಲ್ಲಿಲ್ಲವಲ್ಲ, ದಾನಿಗಳು ಹೇಗೆ ಮುಂದೆ ಬಂದಾರು ಎಂದರು. ಅದೂ ನಿಜವೇ. ಕೋಣೆಯವರನ್ನು ಕರೆಸಿ ಶಾಲು ಹೊದಿಸೋಣವೆಂದರೆ ಅವರು ಒಪ್ಪಲಿಲ್ಲ. ಓಣಿಯಲ್ಲಿ ನಿಲ್ಲಿಸುವ ಮೋಟಾರ್ ಸೈಕಲ್‌ಗಳನ್ನು ಭಾನುವಾರ ತೆಗೆಸಿಕೊಟ್ಟರೆ ಸಾಕೆಂದರು. ಅಂತೂ 'ಇತರೆ ಖರ್ಚು' ಎಂದು ಬರೆದೆ. ಬಿ.ಕಾಂ. ಓದಿದವನಿಗೆ ಅದಕ್ಕಿಂತ ನಾಚಿಕೆಗೇಡಿನ ಖಾತೆಯಿಲ್ಲ.

ಈ ವರ್ಷದ ಶಿಬಿರದಲ್ಲಿ ವೈದ್ಯರ ಮೇಜುಗಳ ಆಚೆ, ಹೊರಬಾಗಿಲಿನ ಹತ್ತಿರ ಇನ್ನೊಂದು ಮೇಜು ಹಾಕಿಸಿದೆವು. ಮಾಸ್ತರರೂ ಅಣ್ಣನವರೂ ಅಲ್ಲಿ ಕುಳಿತರು. ಉಪಚಾರಕ್ಕೆ ಮೀರಿದವರೆಂದು ಚೀಟಿ ಬರೆಸಿಕೊಂಡವರನ್ನು ಸ್ವಯಂಸೇವಕರು ಅಲ್ಲಿಗೆ ಕರೆತಂದರು. ಎಂಟು ಜನ ಬಂದರು. ಮೂವರು ನಿಲ್ಲದೆ ಹೋದರು, ಐವರು ಕುಳಿತರು. ಅವರೊಡನೆ ಬಂದಿದ್ದ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳನ್ನು ಅಣ್ಣನವರು ಹೊರಗೆ ಬಿಡಲಿಲ್ಲ. ಗ್ಲಾಕೋಮಾ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ತಪಾಸಣೆ ಮಾಡಿಸಿಕೊಂಡೇ ಹೋಗಬೇಕೆಂದು ಪಟ್ಟುಹಿಡಿದು ಸರದಿಯಲ್ಲಿ ನಿಲ್ಲಿಸಿದರು. ಹೀಗೆಯೇ ಎರಡು ವರ್ಷಗಳ ಹಿಂದೆ ಅವರು ನನ್ನನ್ನೂ ಕಳುಹಿಸಿದ್ದರು. ನನಗೆ ಏನೂ ಆಗಿಲ್ಲ, ಪೇಪರು ಚೆನ್ನಾಗಿ ಓದುತ್ತೇನೆ ಎಂದು ಹೋದವನ ಎಡಗಣ್ಣಿನಲ್ಲಿ ರೋಗ ಆಗಲೇ ಕಾಲಿಟ್ಟಿತ್ತು.

ಈಗ ನನಗೂ ದಿನಕ್ಕೆ ಎರಡು ಹೊತ್ತು ಹನಿಗಳಿವೆ. ಸಂಜೆ ಊಟ ಮುಗಿಸಿ, ಹೊತ್ತು ಮುಳುಗುವ ಮೊದಲು ಅಣ್ಣನವರು ತಮ್ಮ ಕೋಣೆಯಿಂದ ಕೂಗುತ್ತಾರೆ: "ತಮ್ಮಾ, ಹನಿ ಹಾಕ್ಕೊಂಡಿ?" ಹೌದೆನ್ನುತ್ತೇನೆ. "ಮೂಲಿ ಒತ್ತಿ ಹಿಡಿದಿ?" ಹಿಡಿದಿದ್ದೇನೆ ಎನ್ನುತ್ತೇನೆ. ಅವರು ಆಚೆ ಕೋಣೆಯಲ್ಲಿ, ನಾನು ಈಚೆ ಕೋಣೆಯಲ್ಲಿ, ಇಬ್ಬರೂ ಕಣ್ಣು ಮುಚ್ಚಿ, ಮೂಗಿನ ಪಕ್ಕಕ್ಕೆ ಬೆರಳೊತ್ತಿ ಎರಡು ನಿಮಿಷ ಕುಳಿತಿರುತ್ತೇವೆ.